ಗಾಡಿ ಎಲ್ಲಿಟ್ಟೆ ಮಾರಾಯ?

ವಿದ್ಯಾನಗರಕ್ಕೆ ಆ ಹೆಸರಿಟ್ಟವರಿಗೆ ಸ್ವಲ್ಪ ಮುಂದಾಲೋಚನೆ ಇದ್ದಿದ್ದರೆ ವಾಹನನಗರ ಅಂತಲೇ ಇಟ್ಟುಬಿಡುತ್ತಿದ್ದರು. ಬೆಳಗ್ಗೆ ಒಂಬತ್ತೂವರೆಗೆ ಬಂದು ನೋಡಿ. ಕಲೆಕ್ಟರು ಕೂರುವ ಸಿವಿಲ್ ಸ್ಟೇಷನ್ ಇಲ್ಲಿ, ಕೋರ್ಟು ಇಲ್ಲಿ, ಮುನ್ಸಿಪಲ್ ಸ್ಟೇಡಿಯಂ ಇಲ್ಲಿ, 1957ರಲ್ಲಿ ಶುರುವಾದ ಕಾಸರಗೋಡು ಸರಕಾರಿ ಕಾಲೇಜು ಇಲ್ಲಿ, ಆಚೆ ಚಾಲ ರಸ್ತೆಯಲ್ಲಿ ಕಣ್ಣೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸು. ಜಾಗದ ತಕರಾರಿಗೆ ಬಂದವರು, ಜಾಮೀನಿಗೆ ಬಂದವರು, ಜಾತಿ ಸರ್ಟಿಫಿಕೇಟಿಗೆ ಬಂದವರು, ಎಂ.ಎ. ಕನ್ನಡಕ್ಕೆ ಬಂದವರು ಎಲ್ಲರೂ ಇದೇ ಗುಡ್ಡೆ ಹತ್ತಬೇಕು. ಅವರವರ ಕೆಲಸ ಆಮೇಲೆ. ಮೊದಲು ಎಲ್ಲರಿಗೂ ಬೇಕಾದದ್ದು ಒಂದು ಸ್ಕೂಟರ್ ಹಿಡಿಯುವಷ್ಟು ನೆರಳು.

ನಮ್ಮ ಮನೆ ಒಂದು ಕಾಲೇಜಿನ ಹತ್ತಿರ. ಯಾವ ಕಾಲೇಜು ಅಂತ ಕೇಳಬೇಡಿ, ನನಗೆ ಇನ್ನೂ ಇಲ್ಲೇ ಬಾಳುವುದುಂಟು. ನಮ್ಮವರು ರಿಟೈರ್ ಆದ ಮೇಲೆ ಮಾಡಿದ ಮೊದಲ ಘನಕಾರ್ಯ ಗೇಟಿನ ಪಕ್ಕ ಒಂದು ಬೋರ್ಡು ಹಾಕಿಸಿದ್ದು. ‘ಇಲ್ಲಿ ವಾಹನ ನಿಲ್ಲಿಸಬಾರದು’ ಅಂತ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆಸಿದರು. ಒಂದರಲ್ಲಿ ಬರೆಸಿ ಇನ್ನೊಂದನ್ನು ಬಿಟ್ಟರೆ ಕಾಸರಗೋಡಿನಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ಲ. ಮೂರು ಭಾಷೆ ಹಿಡಿಯಬೇಕಾದ್ದರಿಂದ ಬೋರ್ಡು ದೊಡ್ಡದಾಯಿತು. ದೊಡ್ಡದಾದ್ದರಿಂದ ಅದರ ನೆರಳೂ ದೊಡ್ಡದಾಯಿತು. ಆ ನೆರಳಿನಲ್ಲಿ ಈಗ ಎರಡು ಸ್ಕೂಟರ್ ಖಾಯಂ.

ಒಂದು ದಿನ ಹೊಂಚು ಹಾಕಿ ಕೂತು ಒಬ್ಬನನ್ನು ಹಿಡಿದೇಬಿಟ್ಟರು.

“ಎಂತ ಮಾರಾಯ, ಬೋರ್ಡು ಓದಲಿಕ್ಕೆ ಬರುವುದಿಲ್ಲವಾ?”

“ಓದಿದೆ ಅಂಕಲ್. ವಾಹನ ಅಂದರೆ ಕಾರು ಅಂತ ಗ್ರಹಿಸಿದೆ. ಇದು ಡಿಯೋ ಅಲ್ವಾ?”

ಅಷ್ಟು ವಿನಯದಿಂದ ಹೇಳಿದವನನ್ನು ಬೈಯುವುದು ಹೇಗೆ? ನಮ್ಮವರು ಒಳಗೆ ಬಂದು ನನ್ನ ಹತ್ತಿರ ಬೊಬ್ಬೆ ಹಾಕಿದರು. ಮದುವೆಯಾದ ಲಾಗಾಯ್ತು ಹೊರಗಿನ ಸಿಟ್ಟಿಗೆ ಅವರು ಪಾರ್ಕಿಂಗ್ ಜಾಗ ಮಾಡಿಕೊಂಡದ್ದು ನಮ್ಮ ಅಡಿಗೆಮನೆಯನ್ನೇ.

ಅವರ ಪ್ರಕಾರ ಇದಕ್ಕೆಲ್ಲ ಕಾರಣ ಈಗಿನ ಮಕ್ಕಳಿಗೆ ನಡೆಯುವ ಅಭ್ಯಾಸ ತಪ್ಪಿದ್ದು. “ನಾವು ಕಾಲೇಜಿಗೆ ಹೋಗುವಾಗ...” ಅಂತ ಶುರು ಮಾಡಿದರೆಂದರೆ ಗುಡ್ಡೆ ಹತ್ತಿ, ಗದ್ದೆಹುಣಿಯಲ್ಲಿ ನಡೆದು, ಅಡಿಕೆ ಮರದ ಸಂಕ ದಾಟಿ ಹೋಗುತ್ತಾರೆ. ಹೇಳಿದ ಹಾಗೆ ಹೇಳಿದ ಹಾಗೆ ಒಂದೊಂದು ಸಂಕ ಹೆಚ್ಚಾಗುತ್ತ ಬಂದಿದೆ. ನನ್ನ ಅತ್ತೆಯವರು ಇರುವಾಗ ಗುಟ್ಟಿನಲ್ಲಿ ಹೇಳಿದ್ದು ಬೇರೆ: ಅವ ನಡೆದದ್ದು ಬಸ್‌ಸ್ಟಾಪಿನವರೆಗೆ ಮಾತ್ರ, ಅಲ್ಲಿಂದ ಕೂತುಕೊಂಡೇ ಹೋದದ್ದು.

ಆ ‘ಕೂತುಕೊಂಡೇ’ ಅನ್ನುವ ಮಾತಿನಲ್ಲಿ ಇಡೀ ಕಥೆ ಉಂಟು. ನನ್ನನ್ನು ಕೇಳಿದರೆ ಈ ಪಾರ್ಕಿಂಗ್ ರಗಳೆಯ ಹುಟ್ಟೂರು ನೋಡಲಿಕ್ಕೆ ಬೆಳಗ್ಗೆ ಎಂಟಕ್ಕೆ ಬದಿಯಡ್ಕದ ಬಸ್‌ಸ್ಟಾಂಡಿಗೇ ಹೋಗಬೇಕು. ಅಲ್ಲಿ ಪ್ರೈವೇಟ್ ಬಸ್ಸು ನಿಂತಿರುತ್ತದೆ, ಸೀಟು ಖಾಲಿ ಇರುತ್ತದೆ. ಮಕ್ಕಳು ಮಾತ್ರ ಹೊರಗೆ ಸಾಲಾಗಿ ನಿಂತಿರುತ್ತಾರೆ. ಫುಲ್ ಟಿಕೆಟಿನವರೆಲ್ಲ ಹತ್ತಿ, ಕೂತು, ಸೀರೆ ಸೆರಗು ಸರಿಮಾಡಿಕೊಂಡ ಮೇಲೆ ಡ್ರೈವರ್ ಇಂಜಿನ್ ಚಾಲೂ ಮಾಡುತ್ತಾನೆ. ಆಗ ಬಾಗಿಲಿನ ಹುಡುಗ, ಕೇರಳದಲ್ಲಿ ಅವನಿಗೆ ‘ಕಿಳಿ’ ಎಂದು ಹೆಸರು, ಗಿಳಿ ಅಂದ ಹಾಗೆ, ತಲೆ ಅಲ್ಲಾಡಿಸುತ್ತಾನೆ. ಆಗ ಹತ್ತಬೇಕು. ಚಲಿಸುತ್ತಿರುವ ಬಸ್ಸು, ಬೆನ್ನಲ್ಲಿ ಬ್ಯಾಗು, ಕೈಯಲ್ಲಿ ಕೊಡೆ, ಬಾಯಲ್ಲಿ ಕನ್ಸೆಶನ್ ಕಾರ್ಡು.

ಕಂಡಕ್ಟರನನ್ನು ಬೈದು ಫಲವಿಲ್ಲ. ಮಕ್ಕಳ ಮಿನಿಮಂ ಒಂದು ರೂಪಾಯಿ. 2022ರ ಮೇ 1ರಿಂದ ಉಳಿದವರ ಮಿನಿಮಂ 8ರಿಂದ 10 ರೂಪಾಯಿ ಆಯಿತು, ಮಕ್ಕಳದ್ದು ಆಗಲೂ ಅಲ್ಲೇ ನಿಂತಿತು. ಏರಿಸಿ ಅಂತ ಬಸ್ಸಿನ ಮಾಲಕರು ಮುಷ್ಕರ ಮಾಡುತ್ತಾರೆ, ಏರಿಸಿದರೆ ನೋಡಿಕೊಳ್ಳುತ್ತೇವೆ ಅಂತ ವಿದ್ಯಾರ್ಥಿ ಸಂಘಟನೆಗಳು ಕೊಡಿ ಹಿಡಿಯುತ್ತವೆ. ಸರಕಾರ ಇಬ್ಬರಿಗೂ ಹೌದು ಹೌದು ಅನ್ನುತ್ತದೆ. ಒಂದು ರೂಪಾಯಿಯವರನ್ನು ಹತ್ತು ಮಂದಿ ಹತ್ತಿಸಿದರೆ ಒಬ್ಬ ದೊಡ್ಡವನನ್ನು ಹತ್ತಿಸಿದ ಲೆಕ್ಕ. ಆ ದೊಡ್ಡವನು ಒಂದೇ ಸೀಟಿನಲ್ಲಿ ಹಿಡಿಯುತ್ತಾನೆ, ಬೆನ್ನಿಗೆ ಬ್ಯಾಗೂ ಇರುವುದಿಲ್ಲ. ಇಂಥ ಅಂಕಗಣಿತ ಗೊತ್ತಿರುವ ಕಂಡಕ್ಟರ್ ಮಕ್ಕಳನ್ನು ಕಂಡೊಡನೆ ಡಬಲ್ ಬೆಲ್ ಹೊಡೆಯದೆ ಇನ್ನೇನು ಮಾಡಿಯಾನು?

ನನ್ನ ತಮ್ಮನ ಮಗ ಪೆರ್ಲದ ಒಳಗಿನವನು. ಮನೆಯಿಂದ ಪೇಟೆಗೆ ನಡೆದು, ಪೆರ್ಲದಲ್ಲಿ ಒಂದು ಬಸ್ಸು ಹಿಡಿದು, ಬದಿಯಡ್ಕದಲ್ಲಿ ಇನ್ನೊಂದಕ್ಕೆ ಕಾದು, ಎಡನೀರು ದಾಟಿ, ಚೆರ್ಕಳ ದಾಟಿ, ಫಸ್ಟ್ ಅವರ್ ಮುಗಿಯುವಾಗ ಬಂದು ಮುಟ್ಟುತ್ತಿದ್ದ. ಚೆರ್ಕಳ–ಕಲ್ಲಡ್ಕ ರಸ್ತೆಯ ಹೊಂಡಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಬೇರೆಯೇ ಸಂಚಿಕೆ ಬೇಕು. ಎರಡು ಮಳೆಗಾಲ ಅವನ ಅಮ್ಮ ಸಹಿಸಿಕೊಂಡಳು. ಮೂರನೆಯದಕ್ಕೆ ಮುಂಚೆ ಅಡಿಕೆ ಮಾರಿದ ದುಡ್ಡಿನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಆ್ಯಕ್ಟಿವಾ ಬಂತು. ಅಡಿಕೆ ಇಲ್ಲದವರಿಗೆ ಗಲ್ಫಿನಲ್ಲಿ ಅಣ್ಣ ಇರುತ್ತಾನೆ, ಅಣ್ಣನೂ ಇಲ್ಲದಿದ್ದರೆ ಫೈನಾನ್ಸ್ ಕಂಪೆನಿ ಇರುತ್ತದೆ. ಹೀಗೆ ಒಂದು ಬಸ್ಸು ಬೇಡವೆಂದು ಬಿಟ್ಟುಹೋದ ಐವತ್ತು ಮಕ್ಕಳು ಐವತ್ತು ಸ್ಕೂಟರುಗಳಾಗಿ ಗುಡ್ಡೆ ಹತ್ತಿ ಬಂದು ನಮ್ಮ ಗೇಟಿನ ಮುಂದೆ ಸ್ಟ್ಯಾಂಡ್ ಹಾಕುತ್ತಾರೆ.

ಮೊದಲಾದರೆ ರಸ್ತೆಬದಿ ಅಂತ ಒಂದಿತ್ತು. ಹೆದ್ದಾರಿಯ ಅಂಚಿನಲ್ಲಿ ಮರಗಳಿದ್ದವು, ಅಡಿಯಲ್ಲಿ ಮಣ್ಣಿನ ಜಾಗ ಇತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಈಗ ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರು ಆರು ಪಥದ ರಸ್ತೆ. ಮರವೂ ಹೋಯಿತು, ಮಣ್ಣಿನ ಜಾಗವೂ ಹೋಯಿತು. ಕಾರಿನಲ್ಲಿ ಹೋಗುವವರಿಗೆ ಸ್ವರ್ಗ, ಹಾರಿಕೊಂಡೇ ಮಂಗಳೂರು ಮುಟ್ಟಬಹುದು. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಬಸ್ಸು, ಆಟೋ, ಮೀನಿನ ಗಾಡಿ, ಗ್ಯಾಸಿನ ಗಾಡಿ, ಅದರ ನಡುವೆ ನಮ್ಮ ಮಕ್ಕಳು. ಎದುರು ಬದಿಗೆ ದಾಟಬೇಕಾದರೆ ಅಂಡರ್‌ಪಾಸು ಹುಡುಕಿಕೊಂಡು ಹೋಗಬೇಕು. ಕಾಲೇಜು ಕಣ್ಣಿಗೆ ಕಾಣುತ್ತಿರುತ್ತದೆ, ಹಾಜರಿ ಮಾತ್ರ ಸಿಗುವುದಿಲ್ಲ.

ಇನ್ನು ಪ್ಲಸ್ ಟು ಮಕ್ಕಳದ್ದು ಬೇರೆ ಪುರಾಣ. ಇವರಿಗೆ ಲೈಸೆನ್ಸಿನ ಪ್ರಾಯವೇ ಆಗಿರುವುದಿಲ್ಲ. ಶಾಲೆಯವರು ಗೇಟಿನೊಳಗೆ ಗಾಡಿ ಬಿಡುವುದಿಲ್ಲ, ಬಿಡಬಾರದು ಸಹ. ಆದ್ದರಿಂದ ಆ ಗಾಡಿಗಳು ಅಂಗಡಿಯ ಹಿಂದೆ, ಕಟ್ಟುತ್ತಿರುವ ಮನೆಯ ಒಳಗೆ, ಗೇರು ಹಿತ್ತಿಲಿನಲ್ಲಿ ಅಜ್ಞಾತವಾಸ ಮಾಡುತ್ತವೆ. ಮೋಟಾರು ವಾಹನ ಇಲಾಖೆಯವರೂ ಮಹಾಭಾರತ ಓದಿದವರೇ, ಹುಡುಕಿಕೊಂಡು ಅಲ್ಲಿಗೇ ಬರುತ್ತಾರೆ. 2019ರಲ್ಲಿ ಕಾಯ್ದೆಗೆ ಸೇರಿಸಿದ 199ಎ ಸೆಕ್ಷನ್ ಪ್ರಕಾರ ಪ್ರಾಯಪೂರ್ತಿಯಾಗದ ಹುಡುಗ ಗಾಡಿ ಬಿಟ್ಟು ತಪ್ಪು ಮಾಡಿದರೆ ದಂಡ 25,000 ರೂಪಾಯಿ, ಮೂರು ವರ್ಷದವರೆಗೆ ಜೈಲು. ಹುಡುಗನಿಗಲ್ಲ ಸ್ವಾಮಿ, ಹೆತ್ತವರಿಗೆ, ಇಲ್ಲವೇ ಗಾಡಿಯ ಮಾಲಕರಿಗೆ. ಒಂದು ವರ್ಷ ಆರ್‌ಸಿ ರದ್ದು, ಹುಡುಗನಿಗೆ 25 ತುಂಬುವ ತನಕ ಲೈಸೆನ್ಸೂ ಇಲ್ಲ. ಕಾಸರಗೋಡಿನ ಪತ್ರಿಕೆಗಳಲ್ಲಿ ಈ ಸುದ್ದಿ ಅಡಿಕೆ ಧಾರಣೆಯಷ್ಟೇ ಮಾಮೂಲು: ಮಗ ಸ್ಕೂಟರ್ ಬಿಟ್ಟ, ‘ಆರ್‌ಸಿ ಒಡತಿ’ಯಾದ ತಾಯಿಗೆ ಕೋರ್ಟು ದಂಡ ಹಾಕಿತು. ಹೆಂಗಸರ ಹೆಸರಿನಲ್ಲಿ ಆಸ್ತಿ ಮಾಡಬೇಕು ಅಂತ ನಾವು ಎಷ್ಟೋ ವರ್ಷದಿಂದ ಹೇಳುತ್ತ ಬಂದೆವು. ಕಡೆಗೂ ಸ್ಕೂಟರ್ ಮಾಡಿಕೊಟ್ಟರು, ದಂಡದ ಸಮೇತ.

ರಸ್ತೆಯಲ್ಲಿ ಕ್ಯಾಮೆರಾ ಕಾಟ ಬೇರೆ. ರಾಜ್ಯದಲ್ಲಿ ಒಟ್ಟು 726 ಇಟ್ಟಿದ್ದಾರೆ, 2023ರ ಜೂನ್ 5ರಿಂದ ದಂಡ ಶುರು. ಮೂರು ಮಂದಿ ಕೂತರೆ ಸಾವಿರ ರೂಪಾಯಿ. ಅದಕ್ಕೆ ಹಿಂದೆ ಕೂತವನು ಕ್ಯಾಮೆರಾ ಬಂದಾಗ ಕೈ ಹಿಂದೆ ಇಳಿಬಿಟ್ಟು ನಂಬರ್ ಪ್ಲೇಟ್ ಮುಚ್ಚುತ್ತಾನೆ. ಯೋಗಾಸನದ ತರಗತಿಗೆ ಬಾ ಅಂದರೆ ಸೊಂಟನೋವು ಅನ್ನುವವನೇ ಇವನು.

ಕಾಲೇಜಿನ ಒಳಗೆ ಬಂದರೆ ನೆರಳಿನ ವರ್ಣಾಶ್ರಮ. ಗೇಟಿನ ಪಕ್ಕದ ತಗಡಿನ ಶೆಡ್ಡು ಪ್ರಿನ್ಸಿಪಾಲರಿಗೆ. ಮಾವಿನ ಮರದಡಿ ಸೀನಿಯರ್ ಮಾಷ್ಟ್ರುಗಳ ಕಾರು. ಹಲಸಿನ ಮರದಡಿ ಆಫೀಸಿನವರು. ಗೆಸ್ಟ್ ಲೆಕ್ಚರರುಗಳಿಗೆ ಗೋಡೆಯ ನೆರಳು, ಅದು ಹನ್ನೊಂದು ಗಂಟೆಗೆ ಹೊರಟುಹೋಗುತ್ತದೆ, ಅವರ ಕೆಲಸದ ಹಾಗೆಯೇ ಅದಕ್ಕೂ ಗ್ಯಾರಂಟಿ ಇಲ್ಲ. ಮಕ್ಕಳಿಗೆ ಉಳಿಯುವುದು ಎರಡು: ಬಿಸಿಲಿಗೆ ಬಿದ್ದ ಮುರಕಲ್ಲಿನ ಪಾರೆ, ಇಲ್ಲವೇ ತೆಂಗಿನ ಮರದ ಬುಡ. ತೆಂಗಿನ ಬುಡ ಯಾವಾಗಲೂ ಖಾಲಿ. ಅಲ್ಲಿ ಗಾಡಿ ಇಟ್ಟವನನ್ನು ಕಂಡರೆ ಫಸ್ಟ್ ಇಯರ್ ಅಂತ ಕೇಳದೆಯೇ ಹೇಳಬಹುದು. ಪರೀಕ್ಷೆ ಹತ್ತಿರ ಬರುವಾಗ ಗೇರು ಮರದಡಿ ಸ್ವಲ್ಪ ಜಾಗ ಸಿಗುತ್ತದೆ. ಆಗಲೇ ಗೇರುಹಣ್ಣು ಉದುರುವ ಕಾಲ. ಹಣ್ಣು ಸೀಟಿನ ಮೇಲೆ ಬಿದ್ದು, ಒಡೆದು, ಒಣಗಿರುತ್ತದೆ. ನೋಡದೆ ಕೂತವನ ಬಿಳಿ ಪ್ಯಾಂಟಿಗೆ ಹಿಡಿದ ಕಲೆ ಡಿಗ್ರಿ ಮುಗಿದ ಮೇಲೂ ಹೋಗುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ಅಂತ ಬೇಜಾರು ಮಾಡಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಎಂಬವರು 1960ರ ದಶಕದಲ್ಲೇ ಹಾಸ್ಯ ಮಾಡಿದ್ದರು, ಪ್ರೊಫೆಸರುಗಳನ್ನೆಲ್ಲ ಒಂದಾಗಿ ಹಿಡಿದಿಡುವುದು ಪಾರ್ಕಿಂಗ್ ಬಗೆಗಿನ ಗೊಣಗಾಟವೇ ಅಂತ. ಅವರದೇ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಇನ್ನೊಂದು ತಮಾಷೆ ಉಂಟು. ನೊಬೆಲ್ ಪ್ರಶಸ್ತಿ ಬಂದವರಿಗೆ ಮಾತ್ರ ಅಂತ ಜಾಗ ಕಾದಿರಿಸಿ, ‘ಎನ್‌ಎಲ್’ ಎಂಬ ಎರಡಕ್ಷರದ ಬೋರ್ಡು ಹಾಕಿದ್ದಾರೆ. ಅಲ್ಲಿ ಪಾಠ ಮಾಡುತ್ತಿದ್ದ ಪೋಲಿಷ್ ಕವಿ ಚೆಸ್ವಾಫ್ ಮಿವೋಶ್ ಅವರಿಗೆ 1980ರಲ್ಲಿ ಸಾಹಿತ್ಯದ ನೊಬೆಲ್ ಬಂದಾಗ ಶುರುವಾದ ಕ್ರಮವಂತೆ. ನೋಡಿ, ಕಾವ್ಯದಿಂದ ಏನು ಪ್ರಯೋಜನ ಅಂತ ಕೇಳುವವರಿಗೆ ಇಷ್ಟು ಖಡಾಖಂಡಿತ ಉತ್ತರ ಬೇರೆ ಎಲ್ಲಿ ಸಿಕ್ಕೀತು?

ಅದೇ 1980ರಲ್ಲಿ ನಮ್ಮ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರಿ ಕಾಲೇಜು ಶುರುವಾಯಿತು. ಪೈಗಳಿಗೆ 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಪಟ್ಟ ಕೊಟ್ಟಿತ್ತು. ಹಾಗಾದರೆ ಜಿಲ್ಲೆಯ ಕಾಲೇಜುಗಳಲ್ಲೆಲ್ಲ ‘ಕವಿಗಳಿಗೆ ಮಾತ್ರ’ ಅಂತ ಒಂದು ಜಾಗ ಇಟ್ಟರೆ ಹೇಗೆ, ಅದಾದರೂ ಖಾಲಿ ಇದ್ದು ಅಂಬುಲೆನ್ಸಿಗೆ ಉಪಕಾರವಾದೀತು ಅಂದೆ. ತಮ್ಮನ ಮಗ ನಕ್ಕ. “ಅತ್ತೆ, ನೀವು ಕವಿಗೋಷ್ಠಿಯ ದಿನ ಬಂದು ನೋಡಿಲ್ಲ. ಆ ಒಂದು ಜಾಗಕ್ಕೆ ನಲ್ವತ್ತು ಗಾಡಿ ಬಂದೀತು.” ಗಡಿನಾಡಿನಲ್ಲಿ ಅಡಿಕೆ ಕೊಯ್ಯಲಿಕ್ಕೆ ಜನ ಸಿಗದಿದ್ದರೂ ಕವನ ಓದಲಿಕ್ಕೆ ಕೊರತೆಯಿಲ್ಲ, ಹುಡುಗ ಹೇಳಿದ್ದು ಸುಳ್ಳಲ್ಲ.

ಬೆಳಗ್ಗೆ ಇಡುವುದು ಒಂದು ವಿದ್ಯೆಯಾದರೆ ಸಂಜೆ ತೆಗೆಯುವುದು ಇನ್ನೊಂದು. ಮೊದಲು ಬಂದವನು ಗೋಡೆಗೆ ತಾಗಿಸಿ ಇಡುತ್ತಾನೆ. ಎರಡನೆಯವನು ಅವನ ಹಿಂದೆ ಅಡ್ಡ. ಮೂರನೆಯವನು ಇಬ್ಬರ ಎಡೆಯಲ್ಲಿ ಹ್ಯಾಂಡಲ್ ತೂರಿಸಿ, ಹ್ಯಾಂಡಲ್ ಲಾಕ್ ಹಾಕಿ, ಕೀ ಜೇಬಿಗಿಳಿಸಿ, ಯಾವುದೋ ಲ್ಯಾಬಿಗೆ ಹೋಗಿ ಐದು ಗಂಟೆಯವರೆಗೆ ಕಾಣೆಯಾಗುತ್ತಾನೆ. ಮೂರೂವರೆಗೆ ಹೊರಡಬೇಕಾದ ಹುಡುಗಿ ಬಂದು ನೋಡುತ್ತಾಳೆ. ಬ್ಯಾಗು ಕೆಳಗಿಟ್ಟು ಚೂಡಿದಾರದ ಶಾಲು ಸೊಂಟಕ್ಕೆ ಬಿಗಿಯುತ್ತಾಳೆ. ಲಾಕ್ ಆದ ಗಾಡಿಯ ಹಿಂದಿನ ಕಂಬಿ ಹಿಡಿದು ಎತ್ತಿ ಒಂದು ಗೇಣು ಸರಿಸುತ್ತಾಳೆ, ಮುಂದಕ್ಕೆ ಹೋಗಿ ಮಡ್‌ಗಾರ್ಡ್ ಹಿಡಿದು ಇನ್ನೊಂದು ಗೇಣು. ಪುನಃ ಹಿಂದೆ, ಪುನಃ ಮುಂದೆ. ಕನ್ನಡಿ ಕನ್ನಡಿಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸುವಾಗ ಪಕ್ಕದ ಬುಲೆಟ್ಟಿಗೆ ಮೊಣಕೈ ತಾಗಿ ಅದರ ಅಲಾರಂ ಕಿರುಚುತ್ತದೆ. ಕ್ಲಾಸಿನೊಳಗಿಂದ ಬುಲೆಟ್ಟಿನ ಯಜಮಾನ ಕಿಟಕಿಯಲ್ಲಿ ತಲೆ ಹಾಕುತ್ತಾನೆ. ಅಲ್ಲಿಯವರೆಗೆ ಅವನು ಕಿವಿಗೊಟ್ಟು ಕೇಳಿದ ಶಬ್ದ ಅದೊಂದೇ ಇರಬೇಕು, ಪಾಪ, ಮಾಷ್ಟ್ರು ಎರಡು ಗಂಟೆಯಿಂದ ಗಂಟಲು ಹರಿದುಕೊಳ್ಳುತ್ತಿದ್ದರು. ಕೆಲವು ಸಲ ಈ ಸಾಲಿನಿಂದಲೇ ಪರಿಚಯ ಬೆಳೆದು ಮದುವೆಯ ಕಾಗದ ನಮ್ಮ ಮನೆಗೂ ಬಂದದ್ದುಂಟು. ಊಟಕ್ಕೆ ಹೋದೆವು. ಹಾಲ್‌ನಲ್ಲಿ ಪಾರ್ಕಿಂಗ್ ಇರಲಿಲ್ಲ.

ಜೂನ್ ಬಂತೆಂದರೆ ಸೈಡ್‌ಸ್ಟ್ಯಾಂಡ್ ಮಣ್ಣಿನಲ್ಲಿ ಹೂತುಹೋಗುತ್ತದೆ. ಸಾಲಿನ ಆ ಕಡೆಯ ಒಂದು ಗಾಡಿ ಮೆಲ್ಲ ವಾಲಿದರೆ ಸಾಕು, ಈ ಕಡೆಯದರವರೆಗೆ ಎಲ್ಲ ಸಾಷ್ಟಾಂಗ. ಕನ್ನಡಿಗೆ ಸಿಕ್ಕಿಸಿದ ಹೆಲ್ಮೆಟಿನಲ್ಲಿ ನೀರು, ಇಲ್ಲವಾದರೆ ಕೆಂಪಿರುವೆ. ಇರುವೆ ಇದ್ದದ್ದು ಹಾಕಿಕೊಂಡ ಮೇಲೆಯೇ ಗೊತ್ತಾಗುವುದು. ಆಗ ಹೆದ್ದಾರಿಯಲ್ಲಿ ಹೆಲ್ಮೆಟ್ ತೆಗೆದರೆ ಕ್ಯಾಮೆರಾ, ತೆಗೆಯದಿದ್ದರೆ ಇರುವೆ. ಮೊದಲನೆಯದಕ್ಕೆ 500 ರೂಪಾಯಿ.

ಕಾರಿನ ಹುಡುಗರ ಬಗ್ಗೆ ನನಗೆ ಅಷ್ಟು ಕನಿಕರವಿಲ್ಲ. ಒಂದು ಕಾರಿನ ಜಾಗದಲ್ಲಿ ಅರ್ಧ ಡಜನ್ ಸ್ಕೂಟರ್ ಹಿಡಿಯುತ್ತವೆ, ಕಾರಿನೊಳಗೆ ಇರುವುದು ಒಬ್ಬನೇ, ಅವನೂ ಕ್ಲಾಸಿಗೆ ಬಂದವನಲ್ಲ, ಕಾರು ತೋರಿಸಲಿಕ್ಕೆ ಬಂದವನು. ಓಣಂ ಹತ್ತಿರ ಬಂದಾಗ ಬಾಡಿಗೆಗೆ ತಂದ ಜೀಪು, ಕಿವುಡಾಗುವಂಥ ಸೈಲೆನ್ಸರು, ಬಾನೆಟ್ಟಿನ ಮೇಲೆ ಬಿಳಿ ಮುಂಡು ಉಟ್ಟವರು, ಅದರ ರೀಲು. ಇದರಲ್ಲಿ ತಮಾಷೆ ಮಾಡಲಿಕ್ಕೆ ನನಗೆ ಬಾಯಿ ಬರುವುದಿಲ್ಲ. 2015ರ ಓಣಂ ಆಚರಣೆಯಲ್ಲಿ ತಿರುವನಂತಪುರದ ಇಂಜಿನಿಯರಿಂಗ್ ಕಾಲೇಜಿನ ಕ್ಯಾಂಪಸ್ಸಿನೊಳಗೇ ಇಂಥ ಒಂದು ಜೀಪು ಬಡಿದು ಓದುವ ಹುಡುಗಿಯೊಬ್ಬಳು ತೀರಿಕೊಂಡಳು. ಆಮೇಲೆ ಕ್ಯಾಂಪಸ್ಸಿನೊಳಗೆ ಮಕ್ಕಳ ಗಾಡಿಗೆ ಸರಕಾರ ಕಡಿವಾಣ ಹಾಕಿತು. ಗೇಟಿನಲ್ಲಿ ತಡೆಯುವ ವಾಚ್‌ಮ್ಯಾನನನ್ನು ನಮ್ಮ ಮಕ್ಕಳು ಶನಿ ಅನ್ನುತ್ತಾರೆ. ಆ ಒಂದು ವಿಷಯದಲ್ಲಿ ನಾನು ಶನಿಯ ಪಕ್ಷ.

ಜಾಗ ಇಲ್ಲದ್ದೇ ತೊಂದರೆ ಅನ್ನುವವರು ಪೆರಿಯಕ್ಕೆ ಹೋಗಿ ಬರಲಿ. ಕೇರಳ ಕೇಂದ್ರ ವಿಶ್ವವಿದ್ಯಾಲಯ 2009ರಲ್ಲಿ ಶುರುವಾದಾಗ ನಮ್ಮ ವಿದ್ಯಾನಗರದ ನಾಯನ್ಮಾರ್‌ಮೂಲೆಯಲ್ಲೇ ಅದರ ತರಗತಿಗಳಿದ್ದವು, ಇಕ್ಕಟ್ಟಿನಲ್ಲಿ ನಮ್ಮ ಹಾಗೆಯೇ ಬಾಳುತ್ತಿತ್ತು. ಈಗ ತೇಜಸ್ವಿನಿ ಹಿಲ್ಸ್ ಎಂಬ ಹೆಸರಿನ ಗುಡ್ಡೆಯ ಮೇಲೆ 310 ಎಕರೆ. ಜಾತ್ರೆ ಬಂದರೂ ಗಾಡಿ ಇಡಬಹುದು. ಅಲ್ಲಿಯ ಮಕ್ಕಳ ದೂರು ಉಲ್ಟಾ: ಗಾಡಿ ಇಲ್ಲದಿದ್ದರೆ ಗೇಟಿನಿಂದ ಕ್ಲಾಸಿಗೆ ಮುಟ್ಟುವಾಗ ಅರ್ಧ ಪ್ರಾಯ ಕಳೆಯಿತು ಅಂತ. ಪೇಟೆಯಲ್ಲಿ ಕಾಲೇಜು ಕಟ್ಟಿದರೆ ಗಾಡಿ ಇಡಲಿಕ್ಕೆ ಜಾಗವಿಲ್ಲ, ಗುಡ್ಡೆಯಲ್ಲಿ ಕಟ್ಟಿದರೆ ಗಾಡಿ ಇಲ್ಲದೆ ಉಪಾಯವಿಲ್ಲ. ಎರಡು ಕಡೆಗೂ ಬೇಕಾದ ಬಸ್ಸು ಮಾತ್ರ ಡಬಲ್ ಬೆಲ್ ಹೊಡೆದು ಮುಂದೆ ಹೋಗಿಯಾಗಿದೆ.

ಗಡಿ ದಾಟಿ ಓದುವವರದ್ದು ಇನ್ನೂ ಚಂದ. ಮಂಜೇಶ್ವರ, ಉಪ್ಪಳ, ಕುಂಬಳೆಯ ಮಕ್ಕಳು ಬೆಳಗ್ಗಿನ ರೈಲು ಹಿಡಿದು ಮಂಗಳೂರಿಗೆ ಹೋಗುತ್ತಾರೆ. ಗಾಡಿ ಸ್ಟೇಷನ್ನಿನಲ್ಲಿ ದಿನವಿಡೀ ಸುಮ್ಮನೆ ಬಿಸಿಲು ಕಾಯುತ್ತದೆ. ಸೀಸನ್ ಟಿಕೆಟಿಗಿಂತ ಗಾಡಿ ಇಟ್ಟ ಬಾಡಿಗೆಯೇ ಹೆಚ್ಚಾಯಿತು ಅಂತ ನನ್ನ ಗೆಳತಿಯ ಮಗಳು ಗೊಣಗುತ್ತಾಳೆ: “ಆಂಟಿ, ನಾನು ಓದಲಿಕ್ಕೆ ಹೋಗುವುದಾ, ಸ್ಕೂಟರನ್ನು ಹಾಸ್ಟೆಲಿಗೆ ಹಾಕಿದ್ದಾ?” ಕೊಣಾಜೆಗೆ, ದೇರಳಕಟ್ಟೆಗೆ ಸ್ಕೂಟರಿನಲ್ಲೇ ಹೋಗುವ ಧೈರ್ಯವಂತರಿಗೆ ತಲಪಾಡಿ ದಾಟಿದ ಮೇಲೆ ಕೆಎಲ್ 14 ಎಂಬ ನಂಬರೇ ಶತ್ರು. ಸಾಲಿನಲ್ಲಿ ಹತ್ತು ಗಾಡಿ ಬಂದರೆ ಪೊಲೀಸರ ಕೈ ತಮ್ಮ ಗಾಡಿಗೇ ಏಳುತ್ತದೆ ಅಂತ ಅವರ ದೂರು. ಊರಿನಲ್ಲಿ ಇವರನ್ನು ಕನ್ನಡದವರು ಅನ್ನುತ್ತಾರೆ, ಆ ಕಡೆ ಹೋದರೆ ಕೇರಳದವರು. ಗಾಡಿ ಇಡುವ ಸಮಸ್ಯೆ ಇವರಿಗೆ 1956ರ ನವೆಂಬರ್ 1ರಿಂದಲೇ ಶುರುವಾಗಿದೆ ಅಂತ ಲೆಕ್ಕ ಹಾಕಿದರೂ ತಪ್ಪಾಗದು.

ನಮ್ಮವರು ಈಗ ಹೊಸ ರಾಗ ತೆಗೆದಿದ್ದಾರೆ. ಬೋರ್ಡಿನಿಂದ ಆಗದ್ದು ಹಣದಿಂದ ಆಗಲಿ, ಹಿತ್ತಿಲಿನ ನಾಲ್ಕು ತೆಂಗು ಕಡಿದು ಪೇ ಆ್ಯಂಡ್ ಪಾರ್ಕ್ ಮಾಡುವ ಅಂತ. ತೆಂಗಿನಲ್ಲಿ ಕಾಯಿಗಿಂತ ಹೆಚ್ಚು ಬೊಂಡ ಮಂಗಗಳಿಗೇ ಹೋಗುತ್ತದೆ, ಸ್ಕೂಟರಿಗೆ ಮಂಗನ ಕಾಟವಿಲ್ಲ, ಗೊಬ್ಬರ ಬೇಡ, ಮದ್ದು ಬಿಡುವುದು ಬೇಡ ಅಂತ ಕಾಗದದಲ್ಲಿ ಲೆಕ್ಕ ಬರೆದು ತೋರಿಸಿದರು. ಒಂದು ರೂಪಾಯಿಯ ಬಸ್ಸು ಸಿಗದೆ ಬಂದ ಮಕ್ಕಳಿಂದ ಹತ್ತು ರೂಪಾಯಿ ಕೀಳುವುದಾ ಅಂತ ಕೇಳಿದೆ. “ಹಾಗಾದರೆ ಕನ್ಸೆಶನ್ ಕೊಡುವ” ಅಂದರು. ಕನ್ಸೆಶನ್ ಕೊಟ್ಟರೆ ಫುಲ್ ರೇಟಿನವರು ಬಂದ ಮೇಲೆಯೇ ಮಕ್ಕಳನ್ನು ಒಳಗೆ ಬಿಡುತ್ತೀರಿ, ನನಗೆ ಗೊತ್ತಿಲ್ಲವಾ ಅಂದೆ. ಮಾತು ಅಲ್ಲಿಗೆ ನಿಂತಿದೆ, ತೆಂಗೂ ನಿಂತಿದೆ.

ಈ ನಡುವೆ ಕಾಲೇಜಿನವರಿಗೇ ಮನಸ್ಸು ಕರಗಿ, ಮಕ್ಕಳ ಗಾಡಿಗೆ ಒಂದು ಶೆಡ್ಡು ಕಟ್ಟುವ ವಿಷಯ ಪಿಟಿಎ ಸಭೆಗೆ ಬಂತಂತೆ. ಹೆತ್ತವರೆಲ್ಲ ಒಮ್ಮತದಿಂದ ಕೈ ಎತ್ತಿದರು. ಇವತ್ತೇ ಅಳತೆ ತೆಗೆದುಬಿಡುವ ಅಂತ ಟೇಪು ಹಿಡಿದು ಜಾಗಕ್ಕೆ ಹೋದರೆ ಅಳತೆ ತೆಗೆಯಲಿಕ್ಕೆ ಆಗಲಿಲ್ಲ. ಸಭೆಗೆ ಬಂದವರ ಕಾರುಗಳೆಲ್ಲ ಅಲ್ಲೇ ನಿಂತಿದ್ದವು.